ನಾನು ಬೆಂಬೆಯಾಜ್ ಆದದ್ದು

ಮೊನ್ನೆ ಮಂಡಿನೋವಿಗೆಂದು ಹೋದಾಗ ಡಾಕ್ಟರು ನನ್ನ ಕೈಗೆ ಒಂದು ಪ್ಲಾಸ್ಟಿಕ್ ಪಟ್ಟಿ ಕೊಟ್ಟರು. ಅಡಿಕೋಲಿನ ಹಾಗಿತ್ತು. ಅದರ ಮೇಲೆ ಸಾಲಾಗಿ ದುಂಡು ಮುಖಗಳು. ಸೊನ್ನೆಯ ಮುಖ ನಗುತ್ತದೆ, ಹತ್ತರ ಮುಖ ಗೋಳೋ ಎಂದು ಅಳುತ್ತದೆ. ನಡುವಿನ ಐದರ ಮುಖ ಮಾತ್ರ, ನಮ್ಮ ಯಜಮಾನರು ತೆರಿಗೆ ಕಚೇರಿಯ ಕಾಗದ ಓದುವಾಗ ಇರುತ್ತಾರಲ್ಲ, ಹಾಗೆ, ಅಳುವುದೋ ಬಿಡುವುದೋ ತಿಳಿಯದೆ ಬಾಯನ್ನು ಗೆರೆ ಮಾಡಿಕೊಂಡು ಕೂತಿದೆ. "ನಿಮ್ಮ ನೋವು ಇದರಲ್ಲಿ ಎಷ್ಟು, ತೋರಿಸಿ" ಎಂದರು. ನಾನು ಸ್ವಲ್ಪ ಯೋಚಿಸಿ ಮೂರರ ಮೇಲೆ ಬೆರಳಿಟ್ಟೆ.

ಜೊತೆಗೆ ಬಂದಿದ್ದ ಮಗಳು ಸಿಂಚನಾ ಕುರ್ಚಿಯಿಂದ ಎದ್ದೇ ಬಿಟ್ಟಳು. "ಮಮಾ! ಬೆಳಿಗ್ಗೆ ಮೆಟ್ಟಿಲಿಳಿಯುವಾಗ ನಿನ್ನ ಕಣ್ಣಲ್ಲಿ ನೀರಿತ್ತು!" ಎಂದು ನನಗೆ ಜರ್ಮನ್‌ನಲ್ಲಿ ಗದರಿ, ಡಾಕ್ಟರ ಕಡೆ ತಿರುಗಿ, "ಇವರ ಮೂರು ಅಂದರೆ ನಿಮ್ಮ ಪಟ್ಟಿಯಲ್ಲಿ ಎಂಟು" ಎಂದು ಅನುವಾದವನ್ನೂ ಒದಗಿಸಿದಳು. ಡಾಕ್ಟರು ಎಂಟು ಎಂದೇ ಬರೆದುಕೊಂಡರು. ನನ್ನ ನೋವಿನ ವಿಷಯದಲ್ಲಿ ನನ್ನ ಮಾತಿಗೆ ಬೆಲೆಯಿಲ್ಲ. ಇರಬೇಕಾಗಿಯೂ ಇಲ್ಲ ಎನ್ನುವುದಕ್ಕೆ ನಮ್ಮ ಮನೆಯಲ್ಲಿ ಹಳೆಯ ಕಾರಣವೊಂದಿದೆ.

ನಮ್ಮ ಕಡೆ ನೋವು ಎಲ್ಲಿ ಎಂದು ಕೇಳುತ್ತಾರೆಯೇ ಹೊರತು ಎಷ್ಟು ಎಂದು ಕೇಳಿದವರನ್ನು ನಾನು ಕಂಡಿಲ್ಲ. ನಾನು ಬೆಳೆದ ಮೈಸೂರಿನ ವಠಾರದಲ್ಲಂತೂ ಕೇಳುವ ಅಗತ್ಯವೇ ಇರಲಿಲ್ಲ, ಗೋಡೆಗಳು ಅಷ್ಟು ತೆಳು. ಪಕ್ಕದ ಮನೆಯ ಸೀತತ್ತೆಗೆ ಕಾಲಿಗೆ ಇರುವೆ ಕಚ್ಚಿದರೂ "ಪ್ರಾಣವೇ ಹೋಯ್ತಲ್ಲಪ್ಪೋ" ಎನ್ನುವ ಕೂಗು ನಮ್ಮ ಅಡುಗೆಮನೆಗೆ ಬರುತ್ತಿತ್ತು. ನಾವು ಹುಡುಗಿಯರು ಅದನ್ನು ಅಣಕಿಸಿ ಬಿದ್ದು ಬಿದ್ದು ನಗುತ್ತಿದ್ದೆವು. ನನ್ನ ಅಮ್ಮ ಸೀತತ್ತೆಗೆ ತದ್ವಿರುದ್ಧ. ಒಮ್ಮೆ ಕುದಿಯುವ ಸಾರಿನ ಪಾತ್ರೆ ಜಾರಿ ಅವಳ ಪಾದದ ಚರ್ಮವೇ ಸುಲಿದಿತ್ತು. ಓಡಿ ಬಂದವರಿಗೆ ಅಮ್ಮ ಹೇಳಿದ್ದು, "ಏನಿಲ್ಲ, ಒಂಚೂರು ಸಾರು ಚೆಲ್ತು." ಸಾರಿನ ಸುದ್ದಿ ಹೇಳಿದಳೇ ಹೊರತು ಕಾಲಿನ ಸುದ್ದಿ ಹೇಳಲಿಲ್ಲ. ಜೋರಾಗಿ ಹೇಳುವುದು ನಗೆಪಾಟಲು, ಮೆಲ್ಲಗೆ ಹೇಳುವುದು ಮರ್ಯಾದೆ ಎಂದು ನಾನು ಕಲಿತದ್ದು ಹೀಗೆ. ಈ ಮರ್ಯಾದೆ ಒಮ್ಮೆ ನನ್ನನ್ನು ಕೊಂದೇ ಹಾಕುವುದರಲ್ಲಿತ್ತು.

ಅದು ಗ್ರೀನ್ ಕಾರ್ಡ್ ಕಾಲ. ಅಮೆರಿಕದ್ದಲ್ಲ, ಜರ್ಮನಿಯದು. ಕಂಪ್ಯೂಟರ್ ಬಲ್ಲವರು ಬೇಕು ಬನ್ನಿ ಎಂದು ಈ ದೇಶ ಕರೆದಾಗ ನಮ್ಮವರು, ಎಂದರೆ ಗೋಪಿ, ವಾಲ್‌ಡಾರ್ಫ್ ಹತ್ತಿರದ ಒಂದು ಚಿಕ್ಕ ಸಾಫ್ಟ್‌ವೇರ್ ಕಂಪನಿಗೆ ಬಂದರು. ಅವರ ಹಿಂದೆ ನಾನು ಬಂದೆ. ಮೈಸೂರಿನ ಕಾಲೇಜೊಂದರಲ್ಲಿ ಕನ್ನಡ ಪಾಠ ಮಾಡುತ್ತಿದ್ದವಳು ನಾನು, ವ್ಯಾಕರಣವೆಂದರೆ ಪ್ರಾಣ. ಜರ್ಮನಿಗೆ ಕನ್ನಡ ವ್ಯಾಕರಣದ ತುರ್ತು ಅಗತ್ಯವೇನೂ ಇರಲಿಲ್ಲ. ಗಂಡನ ವೀಸಾಕ್ಕೆ ಜೋತುಬಿದ್ದು ಬಂದವರಿಗೆ ಮೊದಮೊದಲು ಕೆಲಸ ಮಾಡುವ ಅನುಮತಿಯೂ ಇರಲಿಲ್ಲ. ಹಾಗಾಗಿ ಜರ್ಮನ್ ತರಗತಿಗೆ ಸೇರಿದೆ. ಅಲ್ಲಿ ನನಗೆ ಮೊದಲು ಒಲಿದ ವಾಕ್ಯ 'ಎಸ್ ಗೇಟ್'. ಹೇಗಿದ್ದೀರಿ ಎಂದರೆ 'ಹೀಗೇ ನಡೀತಿದೆ' ಎಂದಂತೆ. ಆಹಾ, ಅಮ್ಮನಿಗೆಂದೇ ಮಾಡಿದ ವಾಕ್ಯ ಅನ್ನಿಸಿತು. ಅಂಗಡಿಯಲ್ಲಿ, ಬಸ್ಸಿನಲ್ಲಿ, ಬಸುರಿಯಾದ ಮೇಲೆ ಡಾಕ್ಟರ ಹತ್ತಿರ, ಯಾರು ಏನು ಕೇಳಿದರೂ ಎಸ್ ಗೇಟ್.

ಸಿಂಚನಾ ಹುಟ್ಟುವ ಹೊತ್ತಿಗೆ ಕಂಪ್ಯೂಟರ್ ಲೋಕದ ಗಾಳಿ ಇಳಿದುಹೋಗಿತ್ತು. ಗೋಪಿಯ ಕಂಪನಿಯಲ್ಲಿ ಇವತ್ತು ಇವರು, ನಾಳೆ ಅವರು ಎಂದು ಕೆಲಸದಿಂದ ಕಳಿಸುತ್ತಿದ್ದರು. ಕೆಲಸ ಹೋದರೆ ವೀಸಾದ ಗತಿಯೂ ಅಷ್ಟೇ. ಮಗು ಹುಟ್ಟಿದ ದಿನ ಗೋಪಿ ಜೊತೆಗಿದ್ದರು. ಮಾರನೆಯ ದಿನ ಬೆಳಿಗ್ಗೆ ಕ್ರಾಂಕೆನ್‌ಹೌಸಿಗೆ, ಎಂದರೆ ಆಸ್ಪತ್ರೆಗೆ, ಬಂದವರು ಮಗುವನ್ನು ಎತ್ತಿಕೊಂಡೇ ಗಡಿಯಾರ ನೋಡಿದರು. "ಇವತ್ತು ಹೊಸ ಸಾಫ್ಟ್‌ವೇರ್ ಶುರುಮಾಡೋ ದಿನ, ಗೋ-ಲೈವ್ ಇದೆ ಕಣೇ. ಮ್ಯಾನೇಜರ್ ಮುಖ ಮೊದಲೇ ಸರಿಯಿಲ್ಲ. ಸಂಜೆ ಬೇಗ ಬಂದ್ಬಿಡ್ತೀನಿ, ಪರವಾಗಿಲ್ವಾ?" ಎಂದರು. "ಪರವಾಗಿಲ್ಲ, ಹೋಗಿಬನ್ನಿ" ಎಂದೆ. ಇದು ಎಸ್ ಗೇಟ್‌ನ ಕನ್ನಡ ರೂಪ.

ಕೋಣೆಯಲ್ಲಿ ಇನ್ನೊಂದು ಮಂಚವಿತ್ತು. ಅದರ ಮೇಲೆ ನೂರಿಯೆ. ನಲವತ್ತು ದಾಟಿದ, ಗುಂಡು ಕೆನ್ನೆಯ, ಹೂವಿನ ಚಿತ್ತಾರದ ತಲೆವಸ್ತ್ರ ಕಟ್ಟಿದ ಟರ್ಕಿಯ ಹೆಂಗಸು. ಮದುವೆಯಾಗಿ ಬಂದಾಗಿನಿಂದ ಜರ್ಮನಿಯಲ್ಲೇ ಇದ್ದರೂ ಅವಳ ಜರ್ಮನ್ ಸಂತೆಯ ಜರ್ಮನ್, ನನ್ನದು ತರಗತಿಯ ಜರ್ಮನ್. ಎರಡೂ ಕುಂಟು. ನಮ್ಮ ಮಾತುಗಳನ್ನು ಇಲ್ಲಿ ನೆಟ್ಟಗೆ ಬರೆಯುತ್ತಿದ್ದೇನೆ, ಆಡುವಾಗ ಅಷ್ಟು ನೆಟ್ಟಗಿರಲಿಲ್ಲ. ತಾನು ಈ ವಯಸ್ಸಿನಲ್ಲಿ ಹೆತ್ತದ್ದಕ್ಕೆ ಅವಳಿಗೆ ಹೇಳತೀರದ ನಾಚಿಕೆ. "ದೊಡ್ಡ ಮಗನಿಗೆ ಹೆಣ್ಣು ನೋಡಿದ್ದೇವೆ. ನಾನು ನೋಡು, ಇಲ್ಲಿ ಮಲಗಿದ್ದೇನೆ! ಬೀಗರಿಗೆ ಏನು ಹೇಳಲಿ?" ಎಂದು ತಲೆವಸ್ತ್ರದ ಸೆರಗನ್ನು ಮುಖಕ್ಕೆಳೆದುಕೊಂಡು ಕಿಸಿಕಿಸಿ ನಗುತ್ತಿದ್ದಳು. ಹುಟ್ಟಿದವನ ಹೆಸರು ಉಮುತ್.

ನೋಡಲು ಬರುವವರ ಸಮಯ ಶುರುವಾಯಿತೋ, ಅವಳ ಮಂಚದ ಸುತ್ತ ಜಾತ್ರೆ. ನಾದಿನಿಯರು, ಓರಗಿತ್ತಿಯರು, ಅವರ ಮಕ್ಕಳು, ಫ್ಲಾಸ್ಕು ತುಂಬ ಚಹಾ, ಡಬ್ಬಿ ತುಂಬ ಎಲೆಯಲ್ಲಿ ಸುತ್ತಿದ ಅನ್ನ. ನನ್ನ ಮಂಚದ ಪಕ್ಕದಲ್ಲಿ ಗೋಪಿಯ ಆಫೀಸಿನವರು ಕಳಿಸಿದ ಒಂದು ಹೂದಾನಿ.

ನೂರಿಯೆ ಆ ಗದ್ದಲದ ನಡುವಿನಿಂದ ನನ್ನನ್ನು ಕೇಳಿದಳು: "ನಿನ್ನ ತಾಯಿ ಎಲ್ಲಿ?"

"ಊರಲ್ಲಿ. ಅಪ್ಪನಿಗೆ ಹೃದಯದ ಆಪರೇಷನ್ ಆಗಿದೆ. ಬಿಟ್ಟು ಬರೋ ಹಾಗಿಲ್ಲ."

"ಅತ್ತೆ?"

"ತೀರಿಕೊಂಡಿದ್ದಾರೆ."

"ಅಕ್ಕ? ತಂಗಿ? ಯಾರೂ?"

ನಾನು ತಲೆಯಾಡಿಸಿದೆ. ಅವಳು ತನ್ನ ಕಡೆಯವರತ್ತ ತಿರುಗಿ "ಯಾಪಾಯಾಲ್‌ನಿಜ್!" ಎಂದಳು. ಅಷ್ಟೂ ಜನ ನನ್ನ ಕಡೆ ನೋಡಿ ಲೊಚಗುಟ್ಟಿದರು. ಅದೇನೆಂದು ಕೇಳಿದೆ. ನೂರಿಯೆ ಒಂದು ಬೆರಳೆತ್ತಿ "ಯಾಲ್‌ನಿಜ್" ಎಂದಳು. ಒಂಟಿ. ಆಮೇಲೆ ಆ ಬೆರಳಿನ ಸುತ್ತಲಿನ ಗಾಳಿಯನ್ನೆಲ್ಲ ಇನ್ನೊಂದು ಕೈಯಿಂದ ಒರೆಸಿ ಹಾಕಿ "ಯಾಪಾಯಾಲ್‌ನಿಜ್" ಎಂದಳು. ಅಯ್ಯೋ, ಒಬ್ಬೊಂಟಿ! ನನ್ನೊಳಗಿನ ಕನ್ನಡ ಮೇಡಂ ಮೈಮುರಿದು ಎದ್ದು ಕೂತಳು. ಕನಿಕರದ ಮಾತು ಕೇಳಿ ಅಳು ಬರಬೇಕಿತ್ತು, ನನಗೆ ಖುಷಿಯಾಯಿತು. ಪದದ ಮೊದಲ ತುಣುಕನ್ನೇ ಮುರಿದು ಮುಂದಕ್ಕೆ ಹಚ್ಚಿ, ಇನ್ನು ಇದರಾಚೆಗೆ ಇಲ್ಲ ಎನ್ನುವಷ್ಟು ದೂರಕ್ಕೆ ಅರ್ಥವನ್ನು ತಳ್ಳುವುದು ನಮ್ಮ ಬಟ್ಟಬಯಲು, ನಟ್ಟನಡು, ತುತ್ತತುದಿ, ಕಟ್ಟಕಡೆಗಳ ದಾರಿಯೇ ಅಲ್ಲವೇ?

ಜನ ಹೋದರು. ಮಧ್ಯಾಹ್ನ ನನಗೆ ವಿಪರೀತ ಸುಸ್ತಾಗತೊಡಗಿತು. ಹೆತ್ತವರಿಗೆ ಸುಸ್ತಾಗದೆ ಇನ್ನಾರಿಗೆ ಆಗಬೇಕು ಎಂದುಕೊಂಡೆ. ಕಿವಿಯಲ್ಲಿ ಜೀರುಂಡೆಯ ಸದ್ದು. ಹೊದಿಕೆಯ ಕೆಳಗೆ ಬೆಚ್ಚಗೆ ಒದ್ದೆಯಾದಂತಿತ್ತು. ಇದೂ ಸಹಜವೇ ಇರಬೇಕು, ಹೇಳಿದರೆ ಏನೆಂದುಕೊಳ್ಳುತ್ತಾರೋ ಅನ್ನಿಸಿತು. ಅಷ್ಟರಲ್ಲಿ ನರ್ಸ್ ಬಾಗಿಲಲ್ಲಿ ತಲೆಹಾಕಿ, "ಹೇಗಿದ್ದೀರಿ?" ಎಂದು ಕೇಳಿದಳು. ಪಾಪ, ಒಳ್ಳೆಯ ಹುಡುಗಿ. ನಾನು ನಕ್ಕು "ಎಸ್ ಗೇಟ್" ಎಂದೆ. ನಗುವವಳನ್ನು ಯಾರು ತಾನೇ ಅನುಮಾನಿಸುತ್ತಾರೆ? ಅವಳು ಹೋದಳು.

ನೂರಿಯೆ ಕಿತ್ತಳೆ ಸುಲಿಯುತ್ತ ಕೂತಿದ್ದಳು. ನನಗೆಂದು ಎರಡು ತೊಳೆ ಹಿಡಿದುಕೊಂಡು ಬಂದವಳು ನನ್ನ ಕೈ ಹಿಡಿದಳು. ಹಿಡಿದದ್ದನ್ನು ತಿರುಗಿಸಿ ಅಂಗೈ ನೋಡಿದಳು. ಕೇಳದೆ ಮಾಡದೆ ನನ್ನ ಕೆಳತುಟಿಯನ್ನು ಹೆಬ್ಬೆರಳಿನಿಂದ ಎಳೆದು ನೋಡಿದಳು.

"ಬೆಂಬೆಯಾಜ್" ಎಂದಳು.

"ಎಸ್ ಗೇಟ್" ಎಂದೆ ನಾನು.

"ನಿಕ್ಸ್ ಗೇಟ್!" ಎಂದು ಕಿರುಚಿದಳು. ಏನೂ ನಡೀತಿಲ್ಲ! ನನ್ನ ಹೊದಿಕೆಯನ್ನು ಕಿತ್ತೆಸೆದಳು. ಹಾಸಿಗೆಯನ್ನು ನಾನು ನೋಡಲಿಲ್ಲ, ಅವಳ ಮುಖ ನೋಡಿದೆ. ಕಿತ್ತಳೆ ನೆಲಕ್ಕೆ ಬಿತ್ತು. ತಾನೂ ಹಸಿ ಬಾಣಂತಿ ಎನ್ನುವುದನ್ನು ಮರೆತು, ಆಸ್ಪತ್ರೆಯ ಅಂಗಿಯಲ್ಲೇ, ಬರಿಗಾಲಲ್ಲಿ, ಕಾರಿಡಾರಿನ ಉದ್ದಕ್ಕೂ ಓಡಿದಳು. "ಬೆಂಬೆಯಾಜ್! ಬೆಂಬೆಯಾಜ್!" ಗಾಬರಿಯಲ್ಲಿ ಅವಳಿಗೆ ಇದ್ದಬದ್ದ ಜರ್ಮನ್ನೂ ಮರೆತುಹೋಗಿತ್ತು. ಆ ಪದ ಅಲ್ಲಿ ಯಾರಿಗೂ ಅರ್ಥವಾಗಿರಲಾರದು, ಆದರೆ ದನಿ ಅರ್ಥವಾಯಿತು. ಎಷ್ಟೊಂದು ಕಾಲುಗಳು ಓಡಿ ಬಂದವು. ಛಾವಣಿಯ ದೀಪಗಳು ನನ್ನ ಮೇಲೆ ಒಂದಾದ ಮೇಲೊಂದು ಹಿಂದಕ್ಕೆ ಓಡಿದವು. ಬೆಯಾಜ್ ಎಂದರೆ ಬಿಳಿ ಎಂದು ನನಗೆ ಗೊತ್ತಿತ್ತು, ಇಲ್ಲಿಯ ಟರ್ಕಿ ಅಂಗಡಿಯಲ್ಲಿ ಬಿಳಿ ಚೀಸಿನ ಡಬ್ಬದ ಮೇಲೆ ಬರೆದಿರುತ್ತದೆ. ಹಾಗಾದರೆ ಬೆಂಬೆಯಾಜ್ ಎಂದರೆ ಬಿಳಿಯ ತುತ್ತತುದಿ. ಪ್ರಜ್ಞೆ ತಪ್ಪುವ ಮೊದಲು ನಾನು ನೆನೆದದ್ದು ಮಗುವನ್ನಲ್ಲ, ದೇವರನ್ನಲ್ಲ. ವಧುಪರೀಕ್ಷೆಯ ಕಾಲದಲ್ಲಿ ಧಾರಾಳಿಗಳು ನನ್ನನ್ನು ಎಣ್ಣೆಗೆಂಪು ಎನ್ನುತ್ತಿದ್ದರು. ಬಿಳಿ ಎಂದವರು ಪ್ರಪಂಚದಲ್ಲಿ ಇವಳೊಬ್ಬಳೇ ಎಂದು ಯೋಚಿಸಿದೆ.

ಆಪರೇಷನ್ ಆಯಿತು. ಯಾರ್ಯಾರದೋ ರಕ್ತ ಕೊಟ್ಟರು. ಆಮೇಲಿಂದಲೇ ನನಗೆ ಇಲ್ಲಿಯ ಕಪ್ಪು ಬ್ರೆಡ್ಡು ರುಚಿಸತೊಡಗಿದ್ದು ಎಂದು ಗೋಪಿ ಈಗಲೂ ತಮಾಷೆ ಮಾಡುತ್ತಾರೆ. ಆವತ್ತು ತಮಾಷೆ ಮಾಡಲಿಲ್ಲ. ನನ್ನ ಕೈಯನ್ನು ಹಣೆಗೊತ್ತಿಕೊಂಡು, "ಬೆಳಿಗ್ಗೆ ನಾನು ಕೇಳಿದೆನಲ್ಲೇ, ಪರವಾಗಿಲ್ವಾ ಅಂತ" ಎಂದು ಅತ್ತರು. ಹಿರಿಯ ಡಾಕ್ಟರು ಬಂದು, ಇನ್ನು ಸ್ವಲ್ಪ ಹೊತ್ತು ಯಾರೂ ಗಮನಿಸದೇ ಹೋಗಿದ್ದರೆ ನೀವು ಎಂದು ಶುರುಮಾಡಿ ನಿಲ್ಲಿಸಿದರು. ಜರ್ಮನ್‌ನಲ್ಲಿ ಇಂಥ ವಾಕ್ಯಗಳ ಕ್ರಿಯಾಪದ ಕೊನೆಗೆ ಬರುತ್ತದೆ, ಅವರು ಅದನ್ನು ನುಂಗಿಕೊಂಡರು. ಕ್ರಿಯಾಪದಕ್ಕೆ ಕೊನೆಯವರೆಗೆ ಕಾದು ರೂಢಿಯಿರುವ ಕನ್ನಡದವಳಿಗೆ ಅದನ್ನು ಊಹಿಸುವುದು ಕಷ್ಟವಾಗಲಿಲ್ಲ.

"ಅಮ್ಮನಿಗೆ ಹೇಳೋದು ಬೇಡ" ಎಂದೆ ಗೋಪಿಗೆ.

"ಮಾವನ ಹಾರ್ಟು..." ಎಂದರು ಅವರು.

"ಅದಕ್ಕೇ. ಎಲ್ಲಾ ಆರಾಮ ಅಂತ ಹೇಳಿಬಿಡಿ."

ಎಲ್ಲಾ ಆರಾಮ ಎಂದೇ ಹೇಳಿದೆವು. ಆಮೇಲೆ ಫೋನಿನಲ್ಲಿ ನಾನೂ ಹಾಗೇ ಹೇಳುತ್ತ ಬಂದೆ.

ಮನೆಗೆ ಬಂದೆ. ಈ ದೇಶದಲ್ಲಿ ಬಾಣಂತಿಯನ್ನು ನೋಡಲು ಮನೆಗೇ ಒಬ್ಬ ಸೂಲಗಿತ್ತಿ ಬರುತ್ತಾಳೆ, ಅವಳನ್ನು ಹೆಬಾಮ್ಮೆ ಎನ್ನುತ್ತಾರೆ. ಆ ಪದ ಕೇಳಿದಾಗ 'ಹೆಬ್ಬಮ್ಮ' ಎಂದುಕೊಂಡು ತುಂಬ ಆಸೆಪಟ್ಟಿದ್ದೆ. ಬಂದವಳು ಸೈಕಲ್ಲಿನಲ್ಲಿ ಬಂದ ತೆಳ್ಳನೆಯ ಹುಡುಗಿ. ಮಗುವನ್ನು ತೂಗಿ, ನನ್ನ ಹೊಟ್ಟೆ ಒತ್ತಿ, ಸೈಕಲ್ಲು ಹತ್ತಿ ಹೊರಟಳು. ನಿಜವಾದ ಹೆಬ್ಬಮ್ಮ ಬಸ್ಸಿನಲ್ಲಿ ಬಂದಳು. ನೂರಿಯೆ, ತಳ್ಳುಗಾಡಿಯಲ್ಲಿ ಉಮುತ್, ಬಾಟಲಿಯಲ್ಲಿ ಲವಂಗ ದಾಲ್ಚಿನ್ನಿ ಹಾಕಿ ಕುದಿಸಿದ ಕೆಂಪನೆಯ ಬಾಣಂತಿ ಪಾನಕ. ಅವರಲ್ಲೂ ಬಾಣಂತನ ನಲವತ್ತು ದಿನವಂತೆ. ತನ್ನ ನಲವತ್ತನ್ನು ಅವಳು ಮನೆಯಲ್ಲಿ ಕಳೆದದ್ದು ಕಡಿಮೆ, ನನ್ನ ಸೋಫಾದ ಮೇಲೆ ಕಳೆದದ್ದು ಹೆಚ್ಚು.

ಆ ತಿಂಗಳುಗಳನ್ನು ನೆನೆದರೆ ಇವತ್ತಿಗೂ ನನ್ನ ಭುಜ ಇಳಿಯುತ್ತದೆ. ಸಿಂಚನಾ ಅಳುತ್ತಿದ್ದಳು, ಸುಮ್ಮನಾಗುತ್ತಿದ್ದಳು, ಮತ್ತೆ ಅಳುತ್ತಿದ್ದಳು. ಕಿಟಕಿಯಾಚೆ ಚಪ್ಪಟೆ ಹೊಲಗಳು, ಬೂದಿ ಬಣ್ಣದ ಆಕಾಶ. ಗೋಪಿ ಬೆಳಿಗ್ಗೆ ಕಾರಿನಲ್ಲಿ ಹೋದರೆ ಕತ್ತಲಾದ ಮೇಲೆಯೇ ಬರುವುದು, ಬಂದವರ ಮುಖದಲ್ಲಿ ಇವತ್ತು ಯಾರನ್ನು ಕಳಿಸಿದರು ಎನ್ನುವ ಸುದ್ದಿ. ಒಂದು ತಟ್ಟೆ ತೊಳೆಯಲು ನಿಂತರೆ ತಟ್ಟೆ ಹಿಡಿದುಕೊಂಡೇ ನಿಂತಿರುತ್ತಿದ್ದೆ. ನೂರಿಯೆ ಬಂದವಳೇ ಕೋಟು ಬಿಚ್ಚುತ್ತ ಕೇಳುತ್ತಿದ್ದಳು: "ಹೇಗಿದ್ದೀಯ?"

"ಎಸ್..."

"ಏಯ್! ಆ ಮಾತು ಈ ಮನೆಯಲ್ಲಿ ಇಲ್ಲ. ನನ್ನ ಭಾಷೆಯಲ್ಲಿ ಹೇಳು."

"ಯೋರ್ಗುನ್" ಎನ್ನುತ್ತಿದ್ದೆ. ದಣಿದಿದ್ದೇನೆ.

"ಬರೀ ಯೋರ್ಗುನ್?"

"ಚೋಕ್ ಯೋರ್ಗುನ್." ತುಂಬ ದಣಿದಿದ್ದೇನೆ.

"ಬರೀ ಚೋಕ್? ಹಾಗಾದರೆ ನಾನು ಮನೆಗೆ ಹೋಗುತ್ತೇನೆ." ನಿಜವಾಗಿ ಕೋಟಿಗೆ ಕೈಹಾಕುತ್ತಿದ್ದಳು.

"ಒಲೆಸಿಯೆ! ಒಲೆಸಿಯೆ ಯೋರ್ಗುನ್!"

"ಹಾಂ. ಈಗ ಸರಿ. ಕೊಡು ಇಲ್ಲಿ ಮಗುವನ್ನು."

ಒಲ್ ಎಂದರೆ ಸಾಯಿ. ಅದಕ್ಕೆ ಎಸಿಯೆ ಹಚ್ಚಿದರೆ ಸಾಯುವಷ್ಟು. ಇಷ್ಟೇ. ನಮ್ಮ ಸಾಯೋಷ್ಟು, ಕುಣಿಯೋಷ್ಟು, ಹುಚ್ಚು ಹಿಡಿಯೋಷ್ಟು ಎನ್ನುವಂಥದೇ ಕಟ್ಟೋಣ. ವಠಾರದ ಹುಡುಗಿಗೆ ಮೊದಮೊದಲು ಹೇಳಲು ನಾಲಿಗೆ ಏಳಲಿಲ್ಲ. ಸೀತತ್ತೆಯನ್ನು ಅಣಕಿಸಿದ ಬಾಯಲ್ಲಿ ಈಗ ದಿನಬೆಳಗಾದರೆ ಸಾಯುವಷ್ಟು, ಸಾಯುವಷ್ಟು. ಆದರೆ ವಿಚಿತ್ರ ನೋಡಿ, ಹೇಳಿ ಮುಗಿಸಿದ ಕೂಡಲೇ ಸುಸ್ತು ಒಂದು ಹಿಡಿ ಕಡಿಮೆಯಾಗುತ್ತಿತ್ತು. ಪರಭಾಷೆಯಲ್ಲಿ ಗೋಳಾಡಿದರೆ ಸ್ವಂತ ಭಾಷೆಗೆ ಅವಮಾನವಾಗುವುದಿಲ್ಲ ಎನ್ನುವುದೂ ಒಂದು ಅನುಕೂಲ.

ಅದೇ ಅಚ್ಚಿನ ಇನ್ನೊಂದು ಪದವನ್ನೂ ಕಲಿಸಿದಳು, ದೋಯಾಸಿಯಾ. ಸಾಕುಸಾಕೆನಿಸುವಷ್ಟು, ತೃಪ್ತಿಯಾಗುವಷ್ಟು. ದೋಯಾಸಿಯಾ ತಿನ್ನಬಹುದು, ನಗಬಹುದು, ಮಲಗಬಹುದು. ನಮ್ಮಲ್ಲಿ ಅದು ಮನದಣಿಯೆ. ಮನ ತಣಿಯುವಷ್ಟು ಎಂದು ಅರ್ಥ. ಎರಡು ಪದ ಕೂಡುವಾಗ ತಕಾರ ದಕಾರವಾಗಿ, ತಣಿದದ್ದು ಕಿವಿಗೆ ದಣಿದದ್ದರಂತೆ ಕೇಳುತ್ತದೆ. ತರಗತಿಯಲ್ಲಿ ಇದನ್ನು ಎಷ್ಟೋ ಸಲ ಕಪ್ಪುಹಲಗೆಯ ಮೇಲೆ ಬಿಡಿಸಿ ತೋರಿಸಿದ್ದೆ. ಈಗ ಆ ಸಂಧಿಯಲ್ಲಿ ತಣಿಯುವ ಕಡೆ ಯಾವುದು, ದಣಿಯುವ ಕಡೆ ಯಾವುದು ಎಂದು ನನಗೇ ಗೊತ್ತಾಗುತ್ತಿರಲಿಲ್ಲ.

ಬಣ್ಣಗಳ ಪಾಠದಲ್ಲಿ ನಾನು ದಡ್ಡ ವಿದ್ಯಾರ್ಥಿನಿ. ಯೆಶಿಲ್ ಹಸಿರು, ಯೆಮ್‌ಯೆಶಿಲ್ ಹಚ್ಚಹಸಿರು. ಸಾರಿ ಹಳದಿ, ಸಪ್‌ಸಾರಿ ಅಚ್ಚಹಳದಿ. ಮುಂದೆ ಹಚ್ಚುವ ತುಣುಕಿನ ಕೊನೆಗೆ ಯಾವ ಅಕ್ಷರ ಬರಬೇಕೆನ್ನುವುದನ್ನು ಹುಟ್ಟಿನಿಂದಲೇ ಬಲ್ಲವರು ಬಲ್ಲರು, ಉಳಿದವರು ಬಾಯಿಪಾಠ ಮಾಡಬೇಕು. ಕಾರಾ ಎಂದರೆ ಕಪ್ಪು ಎಂದಾಗ, "ನಮ್ಮಲ್ಲೂ ಕರಿ!" ಎಂದು ಕುಣಿದೆ. ಕಡುಗಪ್ಪಿಗೆ "ಕಸ್‌ಕಾರಾ?" ಎಂದೆ. ನೂರಿಯೆ ಹೊಟ್ಟೆ ಹಿಡಿದುಕೊಂಡು ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಅದು ಕಪ್‌ಕಾರಾ. ಕಪ್ಪೂ ಕರಿಯೂ ಒಂದೇ ಪದದಲ್ಲಿ! ಕಾಕತಾಳೀಯವಿರಬಹುದು, ನನಗಂತೂ ತವರಿನಿಂದ ಯಾರೋ ಬಂದಂತಾಯಿತು. ಅವಳು ಈಗ ಗಂಡನ ನಿವೃತ್ತಿಯ ನಂತರ ತನ್ನೂರಿಗೆ ಹೋಗಿ ನೆಲೆಸಿದ್ದಾಳೆ. ಗೋಪಿಯ ಕೆಲಸ ಆಮೇಲೆ ಹೋಯಿತು, ಬೇರೆ ಸಿಕ್ಕಿತು, ನಾವು ಇಲ್ಲೇ ಉಳಿದೆವು. ಅವೆಲ್ಲ ಬೇರೆ ಕಥೆ. ನಾನು ಹೇಳಬೇಕೆಂದಿರುವುದು ಅಮ್ಮ ಬಂದ ಮಾರನೆಯ ದಿನದ ಸಂಗತಿ.

ಅಪ್ಪ ಚೇತರಿಸಿಕೊಂಡು ಅಣ್ಣನ ಮನೆಯಲ್ಲಿ ಉಳಿಯುವಂತಾದ ಮೇಲೆ ಅಮ್ಮ ಬಂದಳು. ಸಿಂಚನಾ ಆಗ ಮಗುಚಿಕೊಳ್ಳುತ್ತಿದ್ದಳು. ಬಾಣಂತನ ಮುಗಿದು ಎಷ್ಟೋ ಕಾಲವಾಗಿದ್ದರೂ ಸೂಟ್‌ಕೇಸಿನಿಂದ ಬಾಣಂತಿ ಖಾರ, ಕೊಬ್ಬರಿ, ಅಂಟಿನುಂಡೆ ಹೊರಬಂದವು. ಮಾರನೆಯ ದಿನ ನೂರಿಯೆ ಅಮ್ಮನನ್ನು ನೋಡಲು ಬಂದಳು. ಪರಿಚಯ ಮಾಡಿಕೊಟ್ಟು ದುಭಾಷಿಯಂತೆ ನಡುವೆ ಕೂತೆ. ಅಮ್ಮ ನನ್ನ ಕಣ್ಣಿನ ಕೆಳಗಿನ ಕಪ್ಪು ನೋಡಿ, "ನೀನು ಹೋಗಿ ಮಲ್ಕೋ. ನಾವಿಬ್ರೂ ಏನೋ ಮಾಡ್ಕೋತೀವಿ" ಎಂದಳು. ನೂರಿಯೆಯೂ ಅದನ್ನೇ ಟರ್ಕಿಶ್‌ನಲ್ಲಿ ಹೇಳಿ ನನ್ನನ್ನು ಬಾಗಿಲಾಚೆ ದಬ್ಬಿದಳು. ಮಕ್ಕಳಿಬ್ಬರೂ ನಿದ್ದೆ ಮಾಡಿದ್ದರು. ನಾನು ಅವರ ಪಕ್ಕದಲ್ಲಿ ಬಿದ್ದುಕೊಂಡೆ. ಎಷ್ಟೋ ತಿಂಗಳಲ್ಲಿ ಮೊದಲ ಬಾರಿಗೆ, ಅಳುವಿಗೆ ಒಂದು ಕಿವಿ ಎತ್ತಿಡದೆ ಮಲಗಿದೆ.

ಎಚ್ಚರವಾದಾಗ ಅಡುಗೆಮನೆ ನಿಶ್ಶಬ್ದವಾಗಿತ್ತು. ಇಬ್ಬರು ಹೆಂಗಸರಿರುವ ಅಡುಗೆಮನೆ ಹಾಗಿರಬಾರದು ಎನ್ನಿಸಿ ಎದ್ದು ಹೋದೆ.

ನೂರಿಯೆ ನಡುವೆ ನಿಂತಿದ್ದಳು. ತನ್ನ ಕೆಳತುಟಿಯನ್ನು ಹೆಬ್ಬೆರಳಿನಿಂದ ಎಳೆದು ತೋರಿಸಿದಳು. ಎರಡೂ ಅಂಗೈ ಬಿಚ್ಚಿ ತೋರಿಸಿದಳು. ಇಲ್ಲದ ಹೊದಿಕೆಯೊಂದನ್ನು ಕಿತ್ತೆಸೆದು, ಇಲ್ಲಿಂದ, ಇಲ್ಲಿಯವರೆಗೆ, ಕೆಳಗೆ ನೆಲದವರೆಗೆ ಎಂದು ಕೈಯನ್ನು ಇಳಿಸಿದಳು. ಆಮೇಲೆ ನಿಂತಲ್ಲೇ ಓಡಿದಳು. ತಾಯಿಗೆ ಗೊತ್ತಿರದೆ ಇರುತ್ತದೆಯೇ ಎಂದು ಅವಳು ನಂಬಿದ್ದಳು. ಕುರ್ಚಿಯಲ್ಲಿ ಕೂತಿದ್ದ ಅಮ್ಮನ ಮುಖ ನೋಡಿದ ಮೇಲೆಯೇ ಯಾರೂ ಹೇಳಿಲ್ಲವೆಂದು ಅವಳಿಗೆ ಗೊತ್ತಾದದ್ದು. ನನ್ನನ್ನು ಕಂಡು ಬಾಯಿಯ ಮೇಲೆ ಕೈಯಿಟ್ಟುಕೊಂಡಳು.

ಅಮ್ಮ ನನ್ನ ಕಡೆ ತಿರುಗಿದಳು. "ಎಷ್ಟು ಹೋಗಿತ್ತು ರಕ್ತ?"

"ಸ್ವಲ್ಪ ಅಮ್ಮ. ಈಗೆಲ್ಲಾ..."

"ಸುಳ್ಳು ಹೇಳ್ಬೇಡ. ಈಕೆ ನೆಲ ತೋರಿಸಿದಳು."

"ಮಗು ಹುಟ್ಟಿದ ಮಾರನೇ ದಿನವೇ?" ಎಂದಳು. ಹೌದೆಂದು ತಲೆಯಾಡಿಸಿದೆ.

"ಆವತ್ತು ನಾನು ಬೀದಿಗೆಲ್ಲಾ ಪೇಡ ಹಂಚ್ತಾ ಇದ್ದೆ ಕಣೆ" ಎಂದಳು ಅಮ್ಮ. "ಹೆಣ್ಣು ಮಗು, ತಾಯಿ ಮಗು ಇಬ್ರೂ ಆರಾಮ ಅಂತ ಹೇಳ್ಕೊಂಡು, ಹೊಸ ಸೀರೆ ಉಟ್ಕೊಂಡು, ಮನೆಮನೆಗೂ ಹೋಗಿ ಹಂಚ್ತಾ ಇದ್ದೆ."

ಹೇಳಿ ಎದ್ದಳು. ತನ್ನ ಮೇಲೆ ಸಿಟ್ಟಾದಳೆಂದು ನೂರಿಯೆ ಗೋಡೆಯ ಕಡೆ ಒಂದು ಹೆಜ್ಜೆ ಹಿಂದಕ್ಕೆ ಸರಿದಳು. ಅಮ್ಮ ಅವಳ ಮುಂದೆ ಹೋಗಿ, ಸೆರಗು ಸರಿಪಡಿಸಿಕೊಂಡು, ಬಗ್ಗಿ ಅವಳ ಎರಡೂ ಪಾದಗಳನ್ನು ಹಿಡಿದುಕೊಂಡಳು. ತನಗಿಂತ ಇಪ್ಪತ್ತು ವರ್ಷ ಚಿಕ್ಕವಳ ಪಾದಗಳನ್ನು. "ಓಲ್‌ಮಾಜ್! ಓಲ್‌ಮಾಜ್!" ಎಂದು ನೂರಿಯೆ ಕೂಗಿದಳು, ಆಗದು, ಆಗದು ಎಂದು. ಎಬ್ಬಿಸಲು ಬಗ್ಗಿದವಳು ಆಗದೆ ತಾನೇ ಕೆಳಗೆ ಕುಸಿದಳು. ಇಬ್ಬರೂ ಒಬ್ಬರ ತೋಳನ್ನೊಬ್ಬರು ಹಿಡಿದು ಮೇಲೆತ್ತಲು ಹೆಣಗಿ, ಯಾರ ಮಂಡಿಯೂ ಮಾತು ಕೇಳದೆ, ಅಡುಗೆಮನೆಯ ಹಾಸುಗಲ್ಲಿನ ಮೇಲೆ ಹಾಗೆಯೇ ಕೂತುಬಿಟ್ಟರು. ನೂರಿಯೆ ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯಲಿಲ್ಲ.

ಅಮ್ಮ ಪಕ್ಕದ ನೆಲವನ್ನು ಕೈಯಿಂದ ತಟ್ಟಿದಳು. "ಬಾ ಇಲ್ಲಿ. ಮೊದಲಿಂದ ಹೇಳು. ಒಂದೂ ಬಿಡ್ಬೇಡ."

ನಾನು ಅವರಿಬ್ಬರ ನಡುವೆ ಕೂತು ಹೇಳತೊಡಗಿದೆ. ತುಂಬ ಹೆದರಿಕೆಯಾಗಿತ್ತಮ್ಮ, ಎಂದೆ. ಒಳಗೆ ಮೊದಲು ಉಮುತ್ ಎದ್ದು ಅತ್ತ, ಅವನ ಸದ್ದಿಗೆ ಸಿಂಚನಾಳೂ ಎದ್ದಳು. ನಾವು ಮೂವರಲ್ಲಿ ಯಾರೂ ತಕ್ಷಣ ಏಳಲಿಲ್ಲ.